ಅವ್ವನಿಗೊಂದು ಜಡೆ ಕೊಪ್ಪೆ

ನಮ್ಮೂರು ಕಿರುಗಾವಲಿಗೆ ಹೊರಗಿನವರು ಬರುವುದೆಂದರೆ ಹೆಚ್ಚಾಗಿ ಬಡಾಬಾಗ್ ಮಾವಿನ ತೋಟ ನೋಡಲು, ಇಲ್ಲವೇ ಸೈಯದ್ ಘನಿ ಖಾನ್ ಅವರು ಉಳಿಸಿಕೊಂಡು ಬಂದಿರುವ ನೂರಾರು ಬಗೆಯ ಭತ್ತದ ತಳಿಗಳನ್ನು ನೋಡಲು. ನೋಡಬೇಕಾದದ್ದೇ. ಆದರೆ ನಮ್ಮ ಮನೆಗಳ ಬಾಗಿಲು ತೋರಣವನ್ನೋ, ಹಳೇ ಟ್ರಂಕಿನ ಮೇಲೆ ಹಾಸಿದ ಕ್ರೋಶಾ ಬಟ್ಟೆಯನ್ನೋ ನೋಡಲೆಂದು ಯಾರೂ ಬಸ್ಸಿಳಿದು ಬಂದದ್ದಿಲ್ಲ. ಅದಕ್ಕೂ ಒಂದು ಚರಿತ್ರೆ ಇದೆಯೆಂದು ನನಗೂ ಹೊಳೆದಿರಲಿಲ್ಲ, ಅವ್ವನಿಗೆ ಸ್ವೆಟರು ತೊಡಿಸಲಾಗದ ದಿನ ಬರುವವರೆಗೆ.

ಮೂರು ವರ್ಷದ ಕೆಳಗೆ ಅವ್ವನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ನನಗೆ ಕ್ರೋಶಾ ಕಡ್ಡಿ ಹಿಡಿಯಲು ಕಲಿಸಿದ ಕೈ ಅದೇ. ಆ ಕೈಯನ್ನು ಎತ್ತಿ ಸ್ವೆಟರಿನ ತೋಳಿಗೆ ತೂರಿಸುವಷ್ಟರಲ್ಲಿ ಅವಳ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ ನೀರು. ಧನುರ್ಮಾಸದಲ್ಲಿ ನಾಲೆ ಬಯಲಿನ ಚಳಿ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ಶಾಲು ಹೊದಿಸಿದರೆ ಜಾರಿಹೋಗುತ್ತದೆ. ತೋಳೇ ಇಲ್ಲದ, ತಲೆಯ ಮೇಲಿಂದ ಇಳಿಬಿಡುವ ಪಾಂಚೋ ಒಂದನ್ನು ಹೆಣೆಯುತ್ತೇನೆಂದೆ. ಚಿತ್ರ ತೋರಿಸಿದೆ. ಅವ್ವ ನೋಡಿದಳು. ‘ಇದು ಕೊಪ್ಪೆ ಅಲ್ವೇನಮ್ಮಿ?’ ಎಂದಳು.

ಹೌದಲ್ಲ! ಪಾಂಚೋ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆಯವರ ಉಡುಪು. ನಡುವೆ ತಲೆ ತೂರಿಸಲು ಸೀಳು ಬಿಟ್ಟ ಕಂಬಳಿ ಎಂದರೆ ಮುಗಿಯಿತು. ನಮ್ಮ ರೈತರು ಸೀಳು ಬಿಡಲಿಲ್ಲ, ಮೂಲೆ ಮಡಚಿ ತಲೆಗೆ ಸಿಕ್ಕಿಸಿ ಕೊಪ್ಪೆ ಮಾಡಿಕೊಂಡರು. ಕಂಬಳಿ ಇಲ್ಲದವರು ಗೋಣಿಚೀಲದಲ್ಲೇ ಮಾಡಿಕೊಂಡರು. ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ನಾಡಿಗೇ ಹೆಸರಾದದ್ದು, ಆದರೆ ಅದರ ಹೆಸರೆಲ್ಲ ಮಾಂಸಕ್ಕೆ. ಉಣ್ಣೆ ಒರಟು, ಅದೂ ಕೊಂಚ. ಒಳ್ಳೆಯ ಕಂಬಳಿ ಬೇಕೆಂದರೆ ಚಳ್ಳಕೆರೆ ಕಡೆಯದೇ ಆಗಬೇಕಿತ್ತು.

ಅವ್ವ ಒಂದು ಷರತ್ತು ಹಾಕಿದಳು. ಮುಂಭಾಗದಲ್ಲಿ ಜಡೆ ಇರಬೇಕು, ಅಪ್ಪನ ಸ್ವೆಟರಿನ ಥರ. ಪುಸ್ತಕದವರು ಕೇಬಲ್ ಎನ್ನುವುದನ್ನು ನಾವು ಜಡೆ ಎನ್ನುತ್ತೇವೆ. ಅಪ್ಪನ ನೀಲಿ ಸ್ವೆಟರನ್ನು ಅವ್ವ ಎರಡು ಕಡ್ಡಿಯಲ್ಲಿ ಹೆಣೆದಿದ್ದಳು. ಅಪ್ಪ ಹೋದ ಮೇಲೆ ಅದು ನುಸಿಗುಳಿಗೆಯ ಜೊತೆ ಟ್ರಂಕಿನಲ್ಲಿತ್ತು. ನನಗೋ ಎರಡು ಕಡ್ಡಿಯ ವಿದ್ಯೆ ಒಲಿದದ್ದೇ ಇಲ್ಲ. ಮೂರನೆಯ ಸಾಲಿಗೆ ಕುಣಿಕೆ ಬಿದ್ದುಹೋಗುತ್ತದೆ. ಕಡ್ಡಿಯ ಜಡೆಯನ್ನು ಕೊಕ್ಕೆಗೆ ಇಳಿಸಿಕೊಳ್ಳಬೇಕಾಯಿತು.

ನಮೂನೆಗಳಿಗೇನು ಬರವಿರಲಿಲ್ಲ. ಅವ್ವನ ಬಳಿ ಇಂಗ್ಲೆಂಡಿನಲ್ಲಿ ಅಚ್ಚಾದ ಹಳೆಯ ಪುಸ್ತಿಕೆಯೊಂದಿತ್ತು. ಅಮೆರಿಕದ ನಮೂನೆಯೊಂದನ್ನು ತಂಗಿಯ ಮಗ ಅಚ್ಚು ಹಾಕಿಸಿ ತಂದುಕೊಟ್ಟ. ಕತ್ತಿನ ಭಾಗ ಅದರಿಂದ, ಅಂಚು ಇದರಿಂದ ಎಂದು ಲೆಕ್ಕ ಹಾಕಿ ಒಂದು ವಾರ ಹೆಣೆದೆ. ಕತ್ತು ಗೋಣಿ ತಾಟಿನ ಹಾಗೆ ಬಿರುಸಾಗಿ, ಮೋಟಾಗಿ ಬಂತು. ಆಮೇಲೆ ತಿಳಿಯಿತು: ಇಂಗ್ಲೆಂಡಿನವರು ಡಬಲ್ ಕ್ರೋಶಾ ಎನ್ನುವ ಗಿಡ್ಡ ಹೆಣಿಗೆ ಅಮೆರಿಕದವರಿಗೆ ಸಿಂಗಲ್. ಅಮೆರಿಕದವರ ಡಬಲ್ ಇಂಗ್ಲೆಂಡಿನವರಿಗೆ ಟ್ರೆಬಲ್, ಅಂದರೆ ನಾವು ಕಂಬ ಎನ್ನುವ ಉದ್ದನೆಯ ಹೆಣಿಗೆ. ನಾನು ಕಂಬ ನಿಲ್ಲಿಸಬೇಕಾದಲ್ಲೆಲ್ಲ ಗೂಟ ನೆಟ್ಟಿದ್ದೆ.

ಸಿಟ್ಟಿನಿಂದಲೇ ಹುಡುಕಿಕೊಂಡು ಹೋದೆ, ಇದೆಲ್ಲ ಎಲ್ಲಿಂದ ಬಂತೆಂದು. ಹಳೆಯ ಕಾಲದಿಂದ ಬಂದದ್ದೆಂದು ನಾವೆಲ್ಲ ನಂಬಿರುವ ಈ ಕಸುಬಿನ ಅಚ್ಚಾದ ನಮೂನೆಗಳಿಗೆ ಇನ್ನೂರು ವರ್ಷವಷ್ಟೇ ಆಗಿದೆ. ಫ್ರೆಂಚರ ಮಾತಿನಲ್ಲಿ ಕ್ರೋಶೆ ಎಂದರೆ ಪುಟ್ಟ ಕೊಕ್ಕೆ. 1840ರ ದಶಕದಲ್ಲಿ ರೀಗೋ ಡಿ ಲಾ ಬ್ರಾಂಷಾರ್ಡಿಯೇರ್ ಎಂಬ ಹೆಂಗಸು ಇಂಗ್ಲೆಂಡಿನಲ್ಲಿ ಒಂದರ ಹಿಂದೊಂದು ನಮೂನೆ ಪುಸ್ತಕ ಹೊರತಂದಳು. ವೆನಿಸ್ಸಿನ ಕಡೆ ಸೂಜಿಯಲ್ಲಿ ತಿಂಗಳುಗಟ್ಟಲೆ ಕೂತು ಮಾಡುತ್ತಿದ್ದ ಲೇಸನ್ನು ಕೊಕ್ಕೆಯಲ್ಲಿ ಬೇಗ ಮುಗಿಸುವ ದಾರಿ ಅವಳ ಪುಸ್ತಕಗಳಲ್ಲಿತ್ತು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಘೋರ ಕ್ಷಾಮ ಬಂದಾಗ, ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿದ್ದು ಇದೇ ಕೊಕ್ಕೆ ಕೆಲಸ. ಹೆಣೆದು ಮಾರಿದ ಲೇಸಿನ ದುಡ್ಡಿನಿಂದ ಮನೆಯವರ ಹೊಟ್ಟೆ ತುಂಬಿಸಿದ ಹುಡುಗಿಯರೆಷ್ಟೋ.

ಎಂದರೆ ಕ್ರೋಶಾ ಬೆಳೆದದ್ದೇ ಇನ್ನೊಬ್ಬರ ನಮೂನೆಯನ್ನು ತನಗೆ ಬೇಕಾದಂತೆ ತಿದ್ದಿಕೊಂಡು! ಇದನ್ನೋದಿದ ದಿನ ನನಗೆ ಊಟ ಸೇರಲಿಲ್ಲ. ಶಾಲೆಯಲ್ಲಿ ಕರಕುಶಲ ಪರೀಕ್ಷೆಗೆ ಅಂಕ ಹಾಕುತ್ತಿದ್ದ ಕಾಲದಲ್ಲಿ, ಪುಸ್ತಕದ ಐದೆಸಳಿನ ಹೂವಿಗೆ ಆರನೆಯ ಎಸಳು ಹೆಣೆದು ತಂದ ಹುಡುಗಿಗೆ ಮೂರು ಅಂಕ ಕಳೆದಿದ್ದೆ. ‘ಐದಕ್ಕೆ ಮುದುರ್‍ಕೊಳ್ತಿತ್ತು ಮಿಸ್’ ಎಂದು ಅವಳು ಹೇಳಿದ್ದು ನೆನಪಿದೆ. ಕಾರಣ ಸರಿಯಾಗಿಯೇ ಇತ್ತು.

ನಮ್ಮ ದೇಶಕ್ಕೂ ಈ ಲೇಸು ಮಿಷನರಿಗಳ ಜೊತೆಯಲ್ಲೇ ಬಂತು. ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ 19ನೆಯ ಶತಮಾನದಲ್ಲಿ ಬೇರೂರಿ, ಅಲ್ಲಿಂದ ಹೊರದೇಶಗಳಿಗೆ ಹೋಗುವ ವ್ಯಾಪಾರವೇ ಆಯಿತು. ಜರ್ಮನಿಯ ಮರಿಯಾ ಮೀಸ್ ಅಲ್ಲಿಗೆ ಬಂದು ಆ ಹೆಂಗಸರ ಬದುಕನ್ನು ಅಭ್ಯಸಿಸಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ದಿನವೆಲ್ಲ ಮನೆಗೆಲಸದ ನಡುವೆ ಗಂಟೆಗಟ್ಟಲೆ ಹೆಣೆಯುವವರನ್ನು ಯಾರೂ ಕೆಲಸಗಾರರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ‘ಸುಮ್ಮನೆ ಕೂತ ಹೊತ್ತಿನಲ್ಲಿ ಮಾಡುವ ಗೃಹಿಣಿಯರು’ ಎನ್ನುತ್ತಾರೆ ಎಂಬುದೇ ಅವರ ಅಭ್ಯಾಸದ ತಿರುಳು. ಅವ್ವ ಎಂದಾದರೂ ಸುಮ್ಮನೆ ಕೂತಿದ್ದಳೇ ಎಂದು ಯೋಚಿಸಿದೆ. ಕೂತ ನೆನಪಿಲ್ಲ.

ಜಡೆಯದು ಬೇರೆಯೇ ಕಥೆ. ಐರ್ಲೆಂಡಿನ ಪಕ್ಕದ ಆರನ್ ದ್ವೀಪಗಳ ಬೆಸ್ತರಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಜಡೆ, ಕಡಲಲ್ಲಿ ಸತ್ತವನನ್ನು ಸ್ವೆಟರಿನ ಜಡೆ ನೋಡಿಯೇ ಗುರುತಿಸುತ್ತಿದ್ದರು ಎಂದು ಅಂಗಡಿಯವರು ಹೇಳುತ್ತಾರೆ. ಕೇಳಲು ಚೆಂದ. ಆದರೆ ಜಡೆ ತುಂಬಿದ ಆ ಸ್ವೆಟರು ರೂಪುಗೊಂಡದ್ದು 20ನೆಯ ಶತಮಾನದಲ್ಲಿ. ಕಥೆಗೆ ಬೀಜ ಸಿಕ್ಕಿದ್ದು ಸಿಂಜ್ ಬರೆದ, 1904ರಲ್ಲಿ ರಂಗಕ್ಕೆ ಬಂದ ‘ರೈಡರ್ಸ್ ಟು ದ ಸೀ’ ನಾಟಕದಿಂದ. ಅದರಲ್ಲಿ ಅಕ್ಕತಂಗಿಯರು ಮುಳುಗಿಹೋದ ಅಣ್ಣನ ಗುರುತು ಹಿಡಿಯುವುದು ಕಾಲುಚೀಲದಿಂದ. ಹೆಣೆಯುವಾಗ ನಾಲ್ಕು ಕುಣಿಕೆ ಬಿಟ್ಟುಹೋಗಿದ್ದು ಹೆಣೆದವಳಿಗೆ ನೆನಪಿತ್ತು. ಜಡೆಯಲ್ಲ, ತಪ್ಪೇ ಗುರುತಾಯಿತು.

ಪಾಂಚೋ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. 2005ರ ಮಾರ್ಚಿಯಲ್ಲಿ ಅಮೆರಿಕದ ಸಿರಿವಂತೆ ಮಾರ್ಥಾ ಸ್ಟೂವರ್ಟ್ ಜೈಲಿನಿಂದ ಬಿಡುಗಡೆಯಾಗಿ ಬರುವಾಗ, ಜೊತೆಯ ಕೈದಿಯೊಬ್ಬಳು ಹೆಣೆದುಕೊಟ್ಟ ಕ್ರೋಶಾ ಪಾಂಚೋ ತೊಟ್ಟಿದ್ದಳು. ಟಿ.ವಿ.ಯಲ್ಲಿ ಅದನ್ನು ಕಂಡ ಹೆಂಗಸರಿಗೆಲ್ಲ ಅಂಥದ್ದೇ ಬೇಕಾಯಿತು. ದಾರದ ಕಂಪನಿಯೊಂದು ಚಿತ್ರ ನೋಡಿಯೇ ಲೆಕ್ಕ ಕಟ್ಟಿ ನಮೂನೆಯನ್ನು ಪ್ರಕಟಿಸಿತು. ಪಾಂಚೋಗೆ ಹೆಸರು ಮಾತ್ರ ತೊಟ್ಟವಳಿಂದ ಬಂತು.

ಇನ್ನು ನನ್ನ ಕೆಲಸ. ಎರಡು ಕಡ್ಡಿಯಲ್ಲಾದರೆ ಮೂರು ಕುಣಿಕೆಯನ್ನು ಬೇರೊಂದು ಗಿಡ್ಡ ಕಡ್ಡಿಗೆ ತೆಗೆದು ಮುಂದೆ ಇಟ್ಟುಕೊಂಡು, ಆಚೆಯ ಮೂರನ್ನು ಮೊದಲು ಹೆಣೆದರೆ ಜಡೆ ಹೊರಳುತ್ತದೆ. ಕ್ರೋಶಾದಲ್ಲಿ ಕುಣಿಕೆ ಒಂದೇ, ತೆಗೆದಿಡುವುದಕ್ಕೆ ಏನೂ ಇಲ್ಲ. ಕೆಳಸಾಲಿನ ಕಂಬದ ತಲೆಗೆ ಕೊಕ್ಕೆ ಹಾಕದೆ, ನಡುವನ್ನು ಬಳಸಿ ದಾರ ಎಳೆದರೆ ಹೊಸ ಕಂಬ ಬಟ್ಟೆಯಿಂದ ಉಬ್ಬಿ ನಿಲ್ಲುತ್ತದೆ. ಎರಡು ಕಂಬ ಬಿಟ್ಟು ಮುಂದಿನ ಎರಡನ್ನು ಹೀಗೆ ಉದ್ದವಾಗಿ ಹೆಣೆದು, ಅವುಗಳ ಮುಂದಿನಿಂದಲೇ ಹಿಂದಕ್ಕೆ ಬಂದು ಬಿಟ್ಟ ಎರಡನ್ನೂ ಹೆಣೆದರೆ ಜಡೆ. ಬಟ್ಟೆಯನ್ನು ತಿರುಗಿಸಿ ತಿರುಗಿಸಿ ಹೆಣೆದರೆ ಒಳಮೈ ಸಾಲಿನಲ್ಲಿ ಕೊಕ್ಕೆಯನ್ನು ಹಿಂದಿನಿಂದ ಬಳಸಬೇಕು. ನನ್ನ ಕನ್ನಡಕಕ್ಕೆ ಅದು ಸಲ್ಲಲಿಲ್ಲ. ಕತ್ತಿನಿಂದ ಶುರುಮಾಡಿ ಸುತ್ತಲೂ ಹೆಣೆಯುತ್ತ ಇಳಿದೆ. ಆಗ ಮುಮ್ಮೈ ಯಾವಾಗಲೂ ಕಣ್ಣೆದುರೇ ಇರುತ್ತದೆ. ಅಪ್ಪನ ಸ್ವೆಟರಿನ ಜಡೆ ಎಂಟು ಸಾಲಿಗೊಮ್ಮೆ ಹೊರಳುತ್ತಿತ್ತು. ನನ್ನ ಒಂದು ಸಾಲಿನ ಎತ್ತರಕ್ಕೆ ಅದರ ಮೂರು ಸಾಲು ಸಮ, ಹಾಗಾಗಿ ಮೂರು ಸಾಲಿಗೊಮ್ಮೆ ಹೊರಳಿಸಿದೆ. ಉಬ್ಬಿದ ಕಂಬ ಉಲ್ಲನ್ ನುಂಗುತ್ತದೆ, ಭಾರವೂ ಹೆಚ್ಚು. ಅವ್ವನ ಭುಜದ ಮೇಲೆ ಅಷ್ಟು ಹೊರೆ ಬೇಡವೆಂದು ಎದೆಯ ನಡುವೆ ಒಂದೇ ಜಡೆ ಇಟ್ಟು, ಉಳಿದದ್ದನ್ನೆಲ್ಲ ಜಾಳುಜಾಳಾಗಿ ಬಿಟ್ಟೆ.

ಸಂಕ್ರಾಂತಿಗೆ ಮೊದಲಿನ ಭಾನುವಾರ ತೊಡಿಸಿದೆ. ಕೈ ಎತ್ತಬೇಕಾಗಲಿಲ್ಲ. ಅವ್ವ ಎಡಗೈ ಬೆರಳಿನಿಂದ ಜಡೆಯನ್ನು ಮೇಲಿನಿಂದ ಕೆಳಗೆ ಸವರುತ್ತ ಬಂದಳು. ಹೊಟ್ಟೆಯ ಹತ್ತಿರ ಬೆರಳು ನಿಂತಿತು.

‘ಇಲ್ಲಿ ಎಡಕ್ಕೆ ತಿರುಗ್‍ಬುಟ್ಟದೆ ಕಣಮ್ಮಿ.’

ನೋಡಿದೆ. ನಿಜ. ಅಲ್ಲೊಂದು ಕಡೆ ಮುಂದಿನಿಂದ ಬರಬೇಕಾದ ಕೊಕ್ಕೆ ಹಿಂದಿನಿಂದ ಬಂದಿತ್ತು. ಯಾರಿಗೂ ಕಾಣಿಸುವುದಿಲ್ಲ ಬಿಡವ್ವ ಎಂದೆ. ‘ನಂಗೆ ಗೊತ್ತಾಯ್ತಲ್ಲ’ ಎಂದಳು. ಬಿಚ್ಚಿಬಿಡು ಎನ್ನುತ್ತಾಳೆಂದು ಕಾದೆ. ಅವಳು ಕೊಪ್ಪೆಯನ್ನು ಮಂಡಿಯವರೆಗೆ ಎಳೆದುಕೊಂಡು, ಕಾಫಿ ಆಯಿತಾ ಎಂದು ಕೇಳಿದಳು.