ಜುಬಿಲಿ ಕ್ಲಿಪ್ಪು, ಅಪ್ಪನ ಅಂಬಾಸಿಡರ್

ಅಪ್ಪನ ಹಳೇ ಅಂಬಾಸಿಡರ್ ಶಿರಾಡಿ ಘಾಟಿಯಲ್ಲಿ ಕುದ್ದು ನಿಂತಾಗ ತಪ್ಪು ನನ್ನದೇ. ಹಿಂದಿನ ವಾರ ರೇಡಿಯೇಟರ್ ಹೋಸಿಗೆ ಹೊಸ ಕ್ಲಿಪ್ ಹಾಕಿ, ಸೋರಬಾರದು ಅಂತ ಜೋರಾಗಿ ಬಿಗಿದಿದ್ದೆ. ಪಟ್ಟಿಯಲ್ಲಿದ್ದ ಸೀಳುಗಳು ರಬ್ಬರನ್ನೇ ಕೊಯ್ದುಬಿಟ್ಟಿದ್ದವು.

ಆಮೇಲೆ ಜೆ.ಸಿ. ರೋಡಿನ ಅಂಗಡಿಯವರು ಎರಡು ಕ್ಲಿಪ್ ಮುಂದಿಟ್ಟು, "ಒಳಗಡೆ ಬೆರಳಾಡಿಸಿ ನೋಡಿ ಸಾರ್" ಅಂದರು. ಒಂದು ತುರಿಯೋ ಮಣೆ ಥರ, ಇನ್ನೊಂದು ನುಣುಪು. ನುಣುಪಾಗಿದ್ದದ್ದು ಜುಬಿಲಿ ಜಾತಿಯದು. ಬ್ರಿಟಿಷ್ ನೌಕಾಪಡೆಯಲ್ಲಿದ್ದ ಕಮಾಂಡರ್ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದ ಕ್ಲಿಪ್ ಅದು. ಸ್ಕ್ರೂ ತಿರುಗಿಸಿದಷ್ಟೂ ಪಟ್ಟಿ ಸುತ್ತ ಬಿಗಿಯುತ್ತೆ. ಹಲ್ಲುಗಳನ್ನು ಪಟ್ಟಿಯಲ್ಲಿ ಅಚ್ಚೊತ್ತಿರುತ್ತಾರೆ, ತೂತು ಹೊಡೆದಿರಲ್ಲ. ಹಾಗಾಗಿ ಹೋಸಿಗೆ ಗಾಯವಾಗಲ್ಲ. ಬ್ರಿಟನ್ನಿನಲ್ಲಿ ಯಾರು ಮಾಡಿದ ಹೋಸ್ ಕ್ಲಿಪ್ಪನ್ನಾದರೂ ಜುಬಿಲಿ ಅಂತಲೇ ಕರೀತಾರೆ, ನಮ್ಮಲ್ಲಿ ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ.

ಅಂಬಾಸಿಡರ್ ಕೂಡ ಅಲ್ಲಿಂದಲೇ ಬಂದದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಗಿ, 2014ರವರೆಗೂ ತಯಾರಾಯಿತು. ಆ ಹಳೇ ಪೆಟ್ರೋಲ್ ಎಂಜಿನ್ನಿನಲ್ಲಿ ಕಾರ್ಬುರೇಟರಿನ ಕೆಳಗೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುತ್ತೆ. ನೀರು ಸೋರಿದರೆ ಗಾಡಿ ನಿಲ್ಲುತ್ತೆ. ಪೆಟ್ರೋಲ್ ಅದರ ಮೇಲೆ ತೊಟ್ಟಿಕ್ಕಿದರೆ?

ಪೆಟ್ರೋಲಿನ ಸಪೂರ ಪೈಪಿಗೆ ಮಾತ್ರ ಜುಬಿಲಿಯೂ ಅಷ್ಟು ಒಗ್ಗಲ್ಲ. ಅಗಲ ಪಟ್ಟಿ ಚಿಕ್ಕ ಸುತ್ತಿಗೆ ಸರಿಯಾಗಿ ಬಾಗದೆ ಒಂದು ಕಡೆ ಸಡಿಲ ಉಳಿಯುತ್ತೆ. ಅದಕ್ಕೆ ಅಂಚು ಮಡಚಿದ, ಸಣ್ಣ ಬೋಲ್ಟ್-ನಟ್ಟಿನ ಕ್ಲಿಪ್ಪೇ ಸರಿ, ಅದೂ ಪೈಪಿನ ಅಳತೆಗೆ ತಕ್ಕದ್ದು. ನಾಲ್ಕು ಪೈಸೆ ಉಳಿಸೋ ಜಾಗ ಇದಲ್ಲ.

ಎಲ್ಲ ಕ್ಲಿಪ್ ಬದಲಾಯಿಸಿ ಆಯ್ತು. ಬಿಗಿಯುವಾಗ ಮಾತ್ರ ಅಪ್ಪ ಸ್ಕ್ರೂಡ್ರೈವರ್ ನನ್ನ ಕೈಗೆ ಕೊಡಲಿಲ್ಲ.