ಹಂದಿಗೋಡು ಕಾಯಿಲೆ

ಮಲೆನಾಡಿನ ಕೆಲವು ಕುಟುಂಬಗಳಲ್ಲಿ ತಲೆಮಾರುಗಳಿಂದ ಕಂಡುಬರುವ, ವಯಸ್ಸಾದಂತೆ ಉಲ್ಬಣಿಸಿ ನಡೆದಾಡುವ ಶಕ್ತಿಯನ್ನು ಕುಂದಿಸುವ ಮೂಳೆ ಮತ್ತು ಕೀಲುಗಳ ರೋಗ. 1970ರ ದಶಕದ ಮಧ್ಯಭಾಗದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಬೆಳಕಿಗೆ ಬಂದುದರಿಂದ ಈ ಹೆಸರು. ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಸೇರಿದಂತೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ, ಮುಖ್ಯವಾಗಿ ಕೃಷಿಕೂಲಿ ಅವಲಂಬಿಸಿದ ಚಲುವಾದಿ, ಚನ್ನಂಗಿ ಸಮುದಾಯಗಳಲ್ಲಿ ವರದಿಯಾಗಿದೆ. ಸೊಂಟ, ಮೊಣಕಾಲಿನ ನೋವಿನಿಂದ ಆರಂಭವಾಗಿ, ಕೀಲು ಸವೆದಂತೆ ಕುಕ್ಕರಗಾಲಲ್ಲಿ ಕೂತು ಏಳುವುದು ಕಷ್ಟವಾಗುತ್ತದೆ; ಬಳಿಕ ಕೋಲಿನ ಆಸರೆ ಬೇಕಾಗುತ್ತದೆ; ತೀವ್ರ ಹಂತದಲ್ಲಿ ತೆವಳಬೇಕಾಗುತ್ತದೆ. ಕೆಲವರಲ್ಲಿ ಕುಬ್ಜತೆಯೂ ಉಂಟು. ಕೀಟನಾಶಕ ಸೇರಿದ ಗದ್ದೆಯ ಏಡಿ, ಮೀನಿನ ಸೇವನೆ ಕಾರಣವೆಂಬ ಶಂಕೆ ಮೊದಲಿಗಿತ್ತು. ನಂತರದ ಅಧ್ಯಯನಗಳು ಆನುವಂಶಿಕತೆಯನ್ನು ಎತ್ತಿಹಿಡಿದಿವೆ. ಪೂರ್ಣ ಗುಣಪಡಿಸುವ ಔಷಧವಿಲ್ಲ. ನೋವುಶಮನ, ಕೀಲುಬದಲಿ ಶಸ್ತ್ರಚಿಕಿತ್ಸೆಗಳೇ ಪರಿಹಾರ. ದುಡಿಯುವ ವಯಸ್ಸಿನಲ್ಲೇ ಪರಾವಲಂಬನೆ ತಂದು ವೃದ್ಧಾಪ್ಯವನ್ನು ಇನ್ನಷ್ಟು ಕಠಿಣಗೊಳಿಸುವ ಕಾರಣ ಇದು ಸಾಮಾಜಿಕ ಭದ್ರತೆಯ ವಿಷಯವೂ ಆಗಿದೆ.