ಸುಣ್ಣಕಲ್ಲಿನ ಹೊರಗೋಡೆಗಳ ಕಲೆ ನಿವಾರಣೆ: ಇತಿಹಾಸ

ಸುಣ್ಣಕಲ್ಲಿನ ಕಟ್ಟಡಗಳ ಹೊರಮೈಗೆ ಹತ್ತಿದ ಮಸಿ, ತುಕ್ಕು, ಕಿಲುಬು, ಪಾಚಿಗಳನ್ನು ಕಲ್ಲಿಗೆ ಕೇಡಾಗದಂತೆ ತೆಗೆಯುವ ಇಂದಿನ ವಿಧಾನಗಳು ಬಹುಮಟ್ಟಿಗೆ 20ನೆಯ ಶತಮಾನದ ಯುರೋಪಿನಲ್ಲಿ ರೂಪುಗೊಂಡವು. ಒರಟು ವಿಧಾನಗಳು ಹಿಂದೆ ಸರಿದು ನಯವಾದವು ಬಂದವು ಎಂದು ಈ ಇತಿಹಾಸವನ್ನು ನೇರ ಪ್ರಗತಿಯ ಕಥೆಯಾಗಿ ಹೇಳುವುದು ವಾಡಿಕೆ. ದಾಖಲೆಗಳು ಇದನ್ನು ಅರ್ಧ ಮಾತ್ರ ಒಪ್ಪುತ್ತವೆ. ಬರಿಯ ನೀರೂ ಕಲ್ಲನ್ನು ಕೆಡಿಸಿದ್ದುಂಟು. ಅತ್ಯಾಧುನಿಕವಾದ ಲೇಸರ್ ಕೂಡ ಹೊಸ ವಿವಾದವನ್ನು ಹುಟ್ಟುಹಾಕಿದೆ.

ಕಲ್ಲಿದ್ದಲ ಹೊಗೆಯ ಬಗೆಗಿನ ದೂರು ಹಳೆಯದು. ಜಾನ್ ಎವೆಲಿನ್ 1661ರಲ್ಲೇ ಲಂಡನ್ನಿನ ಹೊಗೆಯನ್ನು ಖಂಡಿಸಿ ‘ಫ್ಯೂಮಿಫ್ಯೂಜಿಯಂ’ ಎಂಬ ಕಿರುಹೊತ್ತಗೆ ಪ್ರಕಟಿಸಿದ್ದನು. ಆದರೆ ಕಟ್ಟಡದ ಕಪ್ಪು ಎಂದರೆ ಕಲ್ಲಿನ ಮೇಲೆ ಕುಳಿತ ಮಸಿ ಮಾತ್ರ ಎಂಬ ತಿಳಿವಳಿಕೆ ಬಹುಕಾಲ ಉಳಿಯಿತು. ಹೊಗೆಯಲ್ಲಿನ ಗಂಧಕದ ಡೈಆಕ್ಸೈಡ್ ತೇವದೊಂದಿಗೆ ಸೇರಿ, ಸುಣ್ಣಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ಜಿಪ್ಸಂ ಆಗಿ ಮಾರ್ಪಡಿಸುತ್ತದೆ. ಜಿಪ್ಸಂ ಹರಳುಗಳು ಬೆಳೆಯುತ್ತ ಮಸಿಯನ್ನೂ ಹಾರುಬೂದಿಯನ್ನೂ ತಮ್ಮೊಳಗೆ ಹಿಡಿದಿಟ್ಟುಕೊಂಡಾಗ ಕರಿ ಹಕ್ಕಳೆ ಕಟ್ಟುತ್ತದೆ. ಆದ್ದರಿಂದ ಹಕ್ಕಳೆಯ ಒಂದು ಭಾಗ ಹಿಂದೆ ಕಲ್ಲೇ ಆಗಿದ್ದದ್ದು. ಮಳೆ ನೇರವಾಗಿ ಬಡಿಯುವ ಕಡೆ ಜಿಪ್ಸಂ ಕರಗಿ ಹೋಗುವುದರಿಂದ ಗೋಡೆ ಬೆಳ್ಳಗಿರುತ್ತದೆ. ಅಂಚುಪಟ್ಟಿಯ ಕೆಳಗೆ, ಶಿಲ್ಪದ ಗದ್ದದ ಮರೆಯಲ್ಲಿ, ಕೆತ್ತನೆಯ ಸಂದುಗಳಲ್ಲಿ ಹಕ್ಕಳೆ ದಪ್ಪಗಾಗುತ್ತದೆ. ಪೋರ್ಟ್‌ಲ್ಯಾಂಡ್ ಸುಣ್ಣಕಲ್ಲಿನಿಂದ ಕಟ್ಟಿದ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್‌ನ ಹಳೆಯ ಛಾಯಾಚಿತ್ರಗಳಲ್ಲಿ ಈ ಕಪ್ಪು-ಬಿಳುಪಿನ ಹಂಚಿಕೆ ಎದ್ದು ಕಾಣುತ್ತದೆ.

ಆಮ್ಲ ಬಳಿಯುವುದು, ಕಾಸ್ಟಿಕ್ ಸೋಡಾ ಹಾಕಿ ಉಜ್ಜುವುದು, ಮರಳು ಊದಿಸುವುದು ಇವೆಲ್ಲ ಬೇಗ ಕೆಲಸ ಮುಗಿಸುವ ಮಾರ್ಗಗಳಾಗಿದ್ದವು. ಆಮ್ಲ ಸುಣ್ಣಕಲ್ಲನ್ನೇ ಕರಗಿಸುತ್ತದೆ. ಕಾಸ್ಟಿಕ್ ಸೋಡಾ ಕಲ್ಲಿನ ರಂಧ್ರಗಳಲ್ಲಿ ಸೋಡಿಯಂ ಲವಣಗಳನ್ನು ಬಿಟ್ಟುಹೋಗುತ್ತದೆ. ಅವು ಹರಳುಗಟ್ಟಿದಾಗ ಮೇಲ್ಪದರ ಪುಡಿಯಾಗಿ ಉದುರುತ್ತದೆ. ಮರಳು ಊದಿಸುವ ಯಂತ್ರಕ್ಕೆ ಅಮೆರಿಕದ ಬೆಂಜಮಿನ್ ಟಿಲ್ಗಮನ್ 1870ರಲ್ಲಿ ಪೇಟೆಂಟ್ ಪಡೆದನು. ಅದು ಹಕ್ಕಳೆಯೊಂದಿಗೆ ಕೆತ್ತನೆಯ ಅಂಚುಗಳನ್ನೂ ಸವೆಸಿತು. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಇದರ ವಿರುದ್ಧ ಪ್ರತ್ಯೇಕ ಎಚ್ಚರಿಕೆಯ ಕೈಪಿಡಿ ಹೊರತಂದದ್ದು 1979ರಲ್ಲಿ, ಅಂದರೆ ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ.

ನೀರಿನ ಬಳಕೆಗೆ ರಸಾಯನಶಾಸ್ತ್ರದ ಆಧಾರವಿದೆ. ಒಂದು ಲೀಟರ್ ನೀರಿನಲ್ಲಿ ಸುಮಾರು 2.4 ಗ್ರಾಂ ಜಿಪ್ಸಂ ಕರಗುತ್ತದೆ. ಶುದ್ಧ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ 0.02 ಗ್ರಾಂನಷ್ಟೂ ಕರಗದು. ಸಣ್ಣ ತುಂತುರು ಹಾಯಿಸುತ್ತಿದ್ದರೆ ಹಕ್ಕಳೆ ಮೆದುವಾಗಿ, ಬ್ರಷ್ಷಿಗೆ ಬಿಟ್ಟುಬರುತ್ತದೆ. ಸೇಂಟ್ ಪಾಲ್ಸ್‌ನ ಹೊರಮೈಯನ್ನು 1960ರ ದಶಕದಲ್ಲಿ ತೊಳೆದದ್ದು ನೀರಿನಿಂದಲೇ. ಆದರೆ ದಿನಗಟ್ಟಲೆ ನೀರು ಹಾಯಿಸಿದ ಗೋಡೆಗಳಲ್ಲಿ ಒಳಗಿನ ಕಬ್ಬಿಣದ ಬಂಧಗಳು ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳಿವೆ. ಮಸಿಯ ಟಾರಿನಂಥ ಅಂಶ ನೀರಿನೊಂದಿಗೆ ಒಳಕ್ಕಿಳಿದು, ಗೋಡೆ ಒಣಗುವಾಗ ಕಂದು ಕಲೆಯಾಗಿ ಮೇಲೆದ್ದ ಉದಾಹರಣೆಗಳೂ ಇವೆ.

ಪ್ಯಾರಿಸ್ಸಿನ ಶುಚೀಕರಣದ ಬಗ್ಗೆ ಒಂದು ಗೊಂದಲ ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಬಂದಿದೆ. 1959ರಲ್ಲಿ ಸಂಸ್ಕೃತಿ ಸಚಿವರಾದ ಆಂದ್ರೆ ಮಾಲ್ರೋ ಹೊಸ ಕಾನೂನು ತಂದು ನಗರವನ್ನು ತೊಳೆಸಿದರು ಎಂಬುದು ಅದರ ಸಾಮಾನ್ಯ ರೂಪ. ಕಟ್ಟಡಗಳ ಮುಂಗೋಡೆಗಳನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಹಸನುಗೊಳಿಸಬೇಕೆಂಬ ನಿಯಮ 1852ರ ಆಜ್ಞೆಯಲ್ಲೇ ಇತ್ತು. ಮೂಲೆಗೆ ಬಿದ್ದಿದ್ದ ಆ ನಿಯಮವನ್ನು ಮಾಲ್ರೋ ಜಾರಿಗೆ ತಂದರು. ಲೂವ್ರ್, ಮದ್ಲೇನ್ ಚರ್ಚು, ನೋತ್ರ್ ದಾಮ್‌ನ ಮುಂಗೋಡೆಗಳು ಒಂದೊಂದಾಗಿ ಕೆನೆಬಣ್ಣಕ್ಕೆ ಮರಳಿದವು. ಕಪ್ಪನ್ನು ಕಾಲದ ಕಾಂತಿಯೆಂದು ಭಾವಿಸಿದವರು ಆಕ್ಷೇಪಿಸಿದರು. ಆ ಕಪ್ಪಿನ ಕೆಳಗೆ ಕಲ್ಲು ಜಿಪ್ಸಂ ಆಗುತ್ತಲೇ ಇತ್ತೆಂಬ ಅಂಶ ಈ ಚರ್ಚೆಯಲ್ಲಿ ಹಿಂದೆ ಬಿತ್ತು.

ಇಂಗ್ಲೆಂಡಿನ ವೆಲ್ಸ್ ಕೆಥೀಡ್ರಲ್‌ನ ಪಶ್ಚಿಮ ಮುಖದಲ್ಲಿ ಮಧ್ಯಯುಗದ 300ರಷ್ಟು ಶಿಲ್ಪಗಳು ಉಳಿದಿವೆ. 1974ರಿಂದ 1986ರವರೆಗೆ ನಡೆದ ಅದರ ಸಂರಕ್ಷಣೆಯಲ್ಲಿ ರಾಬರ್ಟ್ ಬೇಕರ್ ಸುಣ್ಣವನ್ನೇ ಔಷಧವಾಗಿ ಬಳಸಿದರು. ಆಗತಾನೇ ಅರಳಿದ ಬಿಸಿ ಸುಣ್ಣವನ್ನು ಶಿಲ್ಪದ ಮೇಲೆ ದಪ್ಪಗೆ ಮೆತ್ತಿ, ಗೋಣಿಬಟ್ಟೆ ಸುತ್ತಿ, ಕೆಲವು ವಾರ ಒಣಗದಂತೆ ಕಾಪಾಡುತ್ತಿದ್ದರು. ಲೇಪ ಬಿಚ್ಚಿದಾಗ ಮೆದುವಾದ ಹಕ್ಕಳೆಯನ್ನು ಸಣ್ಣ ಉಪಕರಣಗಳಿಂದ ಬಿಡಿಸಬಹುದಿತ್ತು. ಬಳಿಕ ಸುಣ್ಣದ ತಿಳಿಯನ್ನು ನಲವತ್ತರಷ್ಟು ಸಲ ಹಾಯಿಸಿ, ಕೊನೆಗೆ ಸುಣ್ಣ ಮತ್ತು ಕಲ್ಲುಪುಡಿಯ ತೆಳು ಹೊದಿಕೆ ಬಳಿಯುತ್ತಿದ್ದರು. ಸುಣ್ಣದ ತಿಳಿ ಕಲ್ಲಿಗೆ ಗಟ್ಟಿತನ ಕೊಡುತ್ತದೆ ಎಂದು ಇದನ್ನು ಬಳಸಿದವರು ನಂಬಿದ್ದರು. ಕ್ಲಿಫರ್ಡ್ ಪ್ರೈಸ್ ಮತ್ತು ಸಂಗಡಿಗರು ವಿಕಿರಣಶೀಲ ಗುರುತು ಬಳಸಿ ಮಾಡಿದ ಪರೀಕ್ಷೆ 1988ರಲ್ಲಿ ಪ್ರಕಟವಾಯಿತು: ಸುಣ್ಣ ಹೊರಪದರದಲ್ಲೇ ನಿಂತಿತ್ತು, ಕಲ್ಲು ಗಮನಾರ್ಹವಾಗಿ ಗಟ್ಟಿಯಾದ ಲಕ್ಷಣ ಕಾಣಲಿಲ್ಲ. ಹಾಗೆಂದು ಇಡೀ ವಿಧಾನವೇ ಸುಳ್ಳೆಂದು ಬರೆಯುವುದು ಅನ್ಯಾಯ. ಲೇಪದ ಶುಚೀಕರಣವನ್ನೂ ಹೊದಿಕೆಯ ರಕ್ಷಣೆಯನ್ನೂ ಈ ಪರೀಕ್ಷೆ ಅಲ್ಲಗಳೆದಿಲ್ಲ.

ಲೇಸರ್‌ನ ಪ್ರವೇಶ ಆಕಸ್ಮಿಕ. 1972ರಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಆಸ್ಮಸ್ ವೆನಿಸ್ಸಿಗೆ ಹೋದದ್ದು ಶಿಲ್ಪಗಳ ಹಾಲೊಗ್ರಾಂ ದಾಖಲೆಗಾಗಿ. ಮಾಣಿಕ್ಯ ಲೇಸರ್‌ನ ಹೊಳಹು ಅಮೃತಶಿಲೆಯ ಕರಿ ಹಕ್ಕಳೆಯನ್ನು ಹಾರಿಸಿ, ಬಿಳಿ ಕಲ್ಲನ್ನು ಹಾಗೆಯೇ ಬಿಡುವುದನ್ನು ಅವರು ಗಮನಿಸಿದರು. ಕಪ್ಪು ಬೆಳಕನ್ನು ಹೀರುತ್ತದೆ, ಬಿಳುಪು ಹಿಮ್ಮರಳಿಸುತ್ತದೆ; ಕೊಳೆ ಹೋದಲ್ಲಿ ಕೆಲಸ ತಾನಾಗಿ ನಿಲ್ಲುತ್ತದೆ. 1990ರ ದಶಕದಲ್ಲಿ ಫ್ರಾನ್ಸಿನ ಅಮಿಯೇನ್ ಕೆಥೀಡ್ರಲ್‌ನ ದ್ವಾರಶಿಲ್ಪಗಳನ್ನು ಲೇಸರ್‌ನಿಂದ ಶುಚಿಗೊಳಿಸಿದಾಗ ಮಧ್ಯಯುಗದ ಬಣ್ಣದ ಕುರುಹುಗಳು ಬೆಳಕಿಗೆ ಬಂದವು. ನೀರು, ಮರಳುಗಳಿಂದ ಹಿಂದೆ ತೊಳೆದ ಎಷ್ಟೋ ಕಟ್ಟಡಗಳಲ್ಲಿ ಇಂಥ ಬಣ್ಣ ಅಳಿದುಹೋಗಿರಬಹುದು ಎಂಬ ಆತಂಕಕ್ಕೆ ಇದು ಆಧಾರ ಒದಗಿಸಿತು.

ಲೇಸರ್ ಹಾಯಿಸಿದ ಕಲ್ಲು ಹಲವೆಡೆ ಹಳದಿಯಾಗಿ ಕಂಡಿತು. ಹಕ್ಕಳೆಯ ಅಡಿಯಲ್ಲಿ ಮೊದಲೇ ಇದ್ದ ಹಳದಿ ಪದರ ಈಗ ತೆರೆದುಕೊಂಡಿದೆ ಎಂಬುದು ಒಂದು ವಿವರಣೆ. ಉಳಿದ ಕಬ್ಬಿಣ, ಇಂಗಾಲದ ಅಂಶಗಳನ್ನು ಲೇಸರೇ ಬದಲಿಸಿದೆ ಎಂಬುದು ಇನ್ನೊಂದು. ಎಲ್ಲ ಕಟ್ಟಡಗಳಿಗೂ ಒಂದೇ ಉತ್ತರ ಹೊಂದುವುದಿಲ್ಲ. ಅಥೆನ್ಸಿನ ಪಾರ್ಥೆನಾನ್ ಅಮೃತಶಿಲೆಗೆ ಕ್ರೀಟ್‌ನ ಸಂಶೋಧಕರು ಅವಕೆಂಪು ಮತ್ತು ಅತಿನೇರಳೆ ಲೇಸರ್‌ಗಳನ್ನು ಒಟ್ಟಿಗೆ ಹಾಯಿಸಿ ಈ ಬಣ್ಣವನ್ನು ತಪ್ಪಿಸಿದರು.

ತುಕ್ಕಿನ ಕಲೆಗೆ ಸಿಟ್ರೇಟ್ ಮತ್ತು ಡೈಥಯೊನೈಟ್ ಲೇಪ, ತಾಮ್ರದ ಹಸಿರು ಕಲೆಗೆ ಅಮೋನಿಯಂ ಕಾರ್ಬೊನೇಟ್ ಲೇಪ ಬಳಕೆಯಲ್ಲಿವೆ. ಕಲ್ಲಿದ್ದಲ ಹೊಗೆ ತಗ್ಗಿದ ಮೇಲೆ ಯುರೋಪಿನ ನಗರಗಳಲ್ಲಿ ಪಾಚಿ, ಕಲ್ಲುಹೂವು, ವಾಹನಗಳ ಹೊಗೆಯ ಸಾವಯವ ಅಂಶಗಳು ಮುಂದೆ ಬಂದಿವೆ. ಗೋಡೆಗಳು ಇನ್ನು ಕಪ್ಪಾಗುವುದಕ್ಕಿಂತ ಹಳದಿಯಾಗುವುದೇ ಹೆಚ್ಚು ಎಂಬುದು ಪೀಟರ್ ಬ್ರಿಂಬಲ್‌ಕೂಂಬ್ ಮೊದಲಾದವರ ಅಭಿಪ್ರಾಯ.

ಭಾರತದಲ್ಲಿ ಹೆಚ್ಚು ದಾಖಲಾಗಿರುವುದು ತಾಜಮಹಲಿನ ಅಮೃತಶಿಲೆಗೆ 1994ರಿಂದ ಆಗಾಗ ಹಾಕುವ ಮುಲ್ತಾನಿ ಮಿಟ್ಟಿಯ ಲೇಪ. ಸುಣ್ಣಕಲ್ಲಿನ ಬಗೆಗಿನ ಬರಹ ಇದಕ್ಕೆ ಹೋಲಿಸಿದರೆ ಕಡಿಮೆ. ಮುಂಬೈಯ ವಿಕ್ಟೋರಿಯನ್ ಕಾಲದ ಹಲವು ಕಟ್ಟಡಗಳ ಕೆತ್ತನೆಗೆ ಪೋರಬಂದರಿನ ಸುಣ್ಣಕಲ್ಲು ಬಳಕೆಯಾಗಿದೆ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಮತ್ತು ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದ ಶಿಲ್ಪಫಲಕಗಳು ಸಹ ಸುಣ್ಣಕಲ್ಲೇ. ಬಾದಾಮಿಯ ಮರಳುಗಲ್ಲು, ಹಂಪಿಯ ಗ್ರಾನೈಟ್‌ಗಳಿಗೆ ಬಳಸುವ ಕ್ರಮವನ್ನು ಇವುಗಳ ಮೇಲೆ ಹಾಗೆಯೇ ಬಳಸಬಾರದು. ಶಹಾಬಾದ್ ಕಲ್ಲಿನ ಕಲೆ ತೆಗೆಯಲು ಆಸಿಡ್ ಸುರಿಯುವವರು, ಆಗ ಏಳುವ ನೊರೆ ಕಲ್ಲು ಕರಗುತ್ತಿರುವುದರ ಗುರುತು ಎಂಬುದನ್ನು ತಿಳಿದಿರಬೇಕು.